ಹಿಮ್ಮೇಳವಿಲ್ಲದೆ ವೇಷ ಕುಣಿಯದು

ರಜೆಯ ಹಿಂದಿನ ರಾತ್ರಿ ನಮ್ಮ ರೂಮಿನಲ್ಲಿ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಯುದ್ಧದಲ್ಲಿರುತ್ತಿದ್ದವು. ಆಟದ ಹೆಸರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. 2004ರಲ್ಲಿ ಬಂದ ಈ ಆಟದ ಹಳೆಯ ರೂಪವನ್ನು 2019ರ ಆಗಸ್ಟ್‌ನಲ್ಲಿ ‘ಕ್ಲಾಸಿಕ್’ ಎಂದು ಮತ್ತೆ ತೆರೆದಾಗ ನಾವಿಬ್ಬರೂ ಸೇರಿಕೊಂಡೆವು. ನಾನು ಕತ್ತಿ ಬೀಸುವ ವಾರಿಯರ್, ಉಡುಪಿ ಕಡೆಯ ರೂಮ್‌ಮೇಟ್ ಗಾಯ ಮಾಯಿಸುವ ಶಾಮನ್. ನಮ್ಮ ತಂಡದವರು ಹೆಚ್ಚಿನವರು ಯುರೋಪಿನವರು. ಅಲ್ಲಿ ರಾತ್ರಿ 8 ಗಂಟೆ ಎಂದರೆ ಚಳಿಗಾಲದ ದುಬೈಯಲ್ಲಿ 11. ನಿದ್ದೆಗೆಟ್ಟು ಆಡುವ ಆಟವಾದ್ದರಿಂದ ಚೆನ್ನಾಗಿಯೇ ಆಡಬೇಕೆಂಬ ಹಟ ಇಬ್ಬರಿಗೂ ಇತ್ತು. ನನಗೆ ಸ್ವಲ್ಪ ಹೆಚ್ಚೇ ಇತ್ತು.

ಆಡದವರಿಗಾಗಿ ಒಂದು ಮಾತು. ಮಂತ್ರ ಹಾಕುವ ಪಾತ್ರಗಳ ಶಕ್ತಿ ಬ್ಯಾಂಕ್ ಖಾತೆಯಿದ್ದಂತೆ. ತುಂಬಿಸಿಕೊಂಡು ಬಂದು ಖರ್ಚು ಮಾಡುತ್ತಾರೆ. ವಾರಿಯರ್‌ನದು ದಿನಗೂಲಿ. ಅವನ ಶಕ್ತಿಗೆ ‘ರೇಜ್’ ಎಂದು ಹೆಸರು. ಸೊನ್ನೆಯಿಂದ ಆರಂಭ, ಹೊಡೆದರೆ ಅಥವಾ ಹೊಡೆಸಿಕೊಂಡರೆ ಸಂಪಾದನೆ. ಗರಿಷ್ಠ 100. ಅದರ ಮೇಲೆ ಬಂದದ್ದು ನೀರುಪಾಲು. ಯುದ್ಧ ನಿಂತರೆ ಕೈಯಲ್ಲಿದ್ದದ್ದೂ ಕರಗುತ್ತದೆ.

ಕ್ಲಾಸಿಕ್‌ನ ಕೊನೆಯ ಮಟ್ಟವಾದ 60ರಲ್ಲಿ ಸಂಪಾದನೆಯ ದರ ಹೀಗಿದೆ: ಸಾಮಾನ್ಯ ಏಟಿನಲ್ಲಿ ಸುಮಾರು 31 ಡ್ಯಾಮೇಜ್ ಮಾಡಿದರೆ 1 ರೇಜ್. 300ರ ಏಟಿಗೆ 10, ಅದೇ ಏಟು ಕ್ರಿಟ್ ಆಗಿ 600 ಆದರೆ 20. ತಪ್ಪಿದ ಏಟಿಗೆ ಏನೂ ಇಲ್ಲ. ಖರ್ಚಿನ ಪಟ್ಟಿಯಲ್ಲಿ ‘ಬ್ಲಡ್‌ಥರ್ಸ್ಟ್’ಗೆ 30, ‘ವರ್ಲ್‌ವಿಂಡ್’ಗೆ 25, ‘ಹೀರೋಯಿಕ್ ಸ್ಟ್ರೈಕ್’ಗೆ 15. ಈ ಕೊನೆಯದರಲ್ಲಿ ಒಂದು ಗುಟ್ಟಿದೆ. ಅದು ಮುಂದಿನ ಸಾಮಾನ್ಯ ಏಟಿನ ಜಾಗದಲ್ಲಿ ಬೀಳುತ್ತದೆ, ಅದರಿಂದ ರೇಜ್ ಹುಟ್ಟುವುದಿಲ್ಲ. ಹಾಗಾಗಿ ನಿಜವಾದ ಬೆಲೆ 15 ಅಲ್ಲ, 15 ಮತ್ತು ಕಳೆದುಕೊಂಡ ಸಂಪಾದನೆ.

ಈ ಲೆಕ್ಕದಲ್ಲಿ ಶಾಮನ್ ಎಲ್ಲಿ ಬರುತ್ತಾನೆ? ಅವನು ನೆಲದಲ್ಲಿ ನೆಡುವ ‘ವಿಂಡ್‌ಫ್ಯೂರಿ’ ಟೋಟೆಮ್‌ನಲ್ಲಿ. ಅದರಿಂದ ಸುಮಾರು 20 ಗಜದೊಳಗಿರುವ ಅವನ ಗುಂಪಿನವರ ಬಲಗೈ ಆಯುಧಕ್ಕೆ, ತಗುಲಿದ ಪ್ರತಿ ಏಟಿನಲ್ಲೂ ಶೇ. 20ರಷ್ಟು ಅವಕಾಶದಲ್ಲಿ ಇನ್ನೊಂದು ಏಟು ಬಿಟ್ಟಿ ಸಿಗುತ್ತದೆ. ಆ ಏಟಿಗೆ ಬಲವೂ ಹೆಚ್ಚು. 2.6 ಸೆಕೆಂಡಿಗೊಮ್ಮೆ ಬೀಸುವ ಕತ್ತಿ ನಿಮಿಷಕ್ಕೆ 23 ಸಲ ಬೀಸುತ್ತದೆ. 18 ತಗುಲಿದರೆ ಮೂರೋ ನಾಲ್ಕೋ ಹೆಚ್ಚುವರಿ ಏಟು. ಅದರಲ್ಲಿ ಮೂರು ತಗುಲಿ ಒಂದೊಂದೂ 11 ರೇಜ್ ತಂದರೆ 33. ಏಟಿನ ಡ್ಯಾಮೇಜ್ ಒಂದು ಲಾಭ, ಅದು ತಂದ ರೇಜ್‌ನಿಂದ ಇನ್ನೊಂದು ಬ್ಲಡ್‌ಥರ್ಸ್ಟ್ ಎರಡನೆಯ ಲಾಭ.

ಮೊದಲ ಎರಡು ವಾರ ಈ ಲಾಭ ನನಗೆ ಸಿಗಲೇ ಇಲ್ಲ. ಕತ್ತಿ ಹರಿತವಾಗಲೆಂದು ಆಟದೊಳಗಿನ ಚಿನ್ನ ಕೊಟ್ಟು ಸಾಣೆಕಲ್ಲು ಕೊಂಡು ಎರಡೂ ಕತ್ತಿಗೆ ಹಚ್ಚುತ್ತಿದ್ದೆ. ಬಲಗೈ ಕತ್ತಿಗೆ ಕಲ್ಲು ಹಚ್ಚಿದ್ದರೆ ವಿಂಡ್‌ಫ್ಯೂರಿ ಅದರ ಮೇಲೆ ಕೂರುವುದಿಲ್ಲ! ಅದು ತಿಳಿದು ಎಡಗೈಗೆ ಮಾತ್ರ ಹಚ್ಚತೊಡಗಿದ ಮೇಲೆ ಇನ್ನೊಂದು ತಪ್ಪು ಮಾಡಿದೆ. ದೊಡ್ಡ ಏಟಿಗೆಂದು ರೇಜ್ ಕೂಡಿಟ್ಟು, 100ಕ್ಕೆ ತುಂಬಿದರೂ ಸುಮ್ಮನಿರುತ್ತಿದ್ದೆ. ಒಂದು ರಾತ್ರಿ ರೂಮ್‌ಮೇಟ್ ನನ್ನ ಪರದೆಯತ್ತ ಇಣುಕಿದ. “ನೀನು ತುಂಬಿದ ಕೊಡ ಇಟ್ಟುಕೊಂಡು ಕೂತಿದ್ದಿಯಲ್ಲ ಮಾರಾಯ, ನಾನು ನೀರು ಸೇದುವುದು ಯಾರಿಗೆ?” ಎಂದ.

ಅವನು ನಿಜವಾಗಿಯೂ ಸೇದುತ್ತಿದ್ದ. ವಿಂಡ್‌ಫ್ಯೂರಿ, ಚುರುಕುತನ ಹೆಚ್ಚಿಸಿ ಕ್ರಿಟ್ ಕೊಡಿಸುವ ‘ಗ್ರೇಸ್ ಆಫ್ ಏರ್’, ಎರಡೂ ಗಾಳಿಯ ಟೋಟೆಮ್‌ಗಳು. ಒಂದು ನೆಟ್ಟರೆ ಇನ್ನೊಂದು ಮಾಯ. ಆದರೆ ಕತ್ತಿಯ ಮೇಲೆ ಕೂತ ವಿಂಡ್‌ಫ್ಯೂರಿ ಟೋಟೆಮ್ ಹೋದ ಮೇಲೂ ಹತ್ತು ಸೆಕೆಂಡಿನಷ್ಟು ಉಳಿಯುತ್ತದೆ. ಆದ್ದರಿಂದ ಅದನ್ನು ನೆಟ್ಟು, ತಕ್ಷಣ ಇದನ್ನು ನೆಟ್ಟು, ಹತ್ತು ಸೆಕೆಂಡಿನೊಳಗೆ ಮತ್ತೆ ಅದನ್ನು. ಯುದ್ಧ ಮುಗಿಯುವವರೆಗೂ ಹೀಗೆಯೇ. ಪ್ರತಿ ಸಲವೂ ಗಾಯ ಮಾಯಿಸಲು ಬೇಕಾದ ಅವನ ಶಕ್ತಿಯೇ ಖರ್ಚು. ಕೊನೆಯಲ್ಲಿ ಬರುವ ಡ್ಯಾಮೇಜ್ ಪಟ್ಟಿಯಲ್ಲಿ ಆ ಹೆಚ್ಚುವರಿ ಏಟುಗಳೆಲ್ಲ ನನ್ನ ಹೆಸರಿಗೆ.

ಬಯಲಾಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನರ ಕಣ್ಣು ಮುಮ್ಮೇಳದ ವೇಷದ ಮೇಲೆ. ಆದರೆ ಚೆಂಡೆಯ ಪೆಟ್ಟು ಬೀಳದಿದ್ದರೆ ಎಂಥ ವೇಷಧಾರಿಯ ಹೆಜ್ಜೆಯೂ ಏಳುವುದಿಲ್ಲ.

ನನಗೆ ನಿಜವಾದ ಪಾಠವಾದದ್ದು ಗುಂಪು ಬದಲಾದ ರಾತ್ರಿ. ದೊಡ್ಡ ಯುದ್ಧಕ್ಕೆ 40 ಜನ, ಐದೈದರಂತೆ ಎಂಟು ಗುಂಪು. ಟೋಟೆಮ್ ಫಲ ಅದನ್ನು ನೆಟ್ಟವನ ಗುಂಪಿಗೆ ಮಾತ್ರ. ಆ ರಾತ್ರಿ ತಂಡದ ನಾಯಕ ನನ್ನನ್ನು ರೂಮ್‌ಮೇಟ್‌ನ ಗುಂಪಿನಿಂದ ತೆಗೆದು, ರಾಕ್ಷಸನ ಏಟಿಗೆ ಮೈಯೊಡ್ಡುವ ಟ್ಯಾಂಕ್ ಅನ್ನು ಅಲ್ಲಿ ಹಾಕಿದ. ನನಗೆ ಉರಿಯಿತು. ಹೊಡೆಯುವವನು ನಾನು, ವಿಂಡ್‌ಫ್ಯೂರಿ ಅವನಿಗೇಕೆ?

ಉತ್ತರ ಆಟದ ನಿಯಮದಲ್ಲೇ ಇತ್ತು. ಯಾರು ಹೆಚ್ಚು ಕೆಣಕುತ್ತಾರೋ ರಾಕ್ಷಸ ಅವರತ್ತ ತಿರುಗುತ್ತಾನೆ. ಹತ್ತಿರ ನಿಂತು ಹೊಡೆಯುವವರು ಟ್ಯಾಂಕ್‌ಗಿಂತ ಶೇ. 10 ಮೀರಿ ಕೆಣಕಿದರೆ ಅವರೇ ಬಲಿ. ಅಂದರೆ ಟ್ಯಾಂಕ್ ಎಷ್ಟು ಕೆಣಕಬಲ್ಲನೋ ಅದೇ ನಮ್ಮೆಲ್ಲರ ಮಿತಿ. ಟ್ಯಾಂಕ್‌ಗೆ ರೇಜ್ ಹೆಚ್ಚಿದರೆ ಅವನ ಹಿಡಿತ ಬಿಗಿಯಾಗುತ್ತದೆ, ಉಳಿದವರೆಲ್ಲ ಅಂಜದೆ ಹೊಡೆಯಬಹುದು. ಅಷ್ಟು ದಿನ ನಾನು ಎಷ್ಟೋ ಸಲ ಕೈ ತಡೆದು ನಿಂತದ್ದು ರೇಜ್ ಇಲ್ಲದೆ ಅಲ್ಲ, ಟ್ಯಾಂಕ್ ಹಿಂದುಳಿದಿದ್ದರಿಂದ. ಆ ರಾತ್ರಿ ವಿಂಡ್‌ಫ್ಯೂರಿ ಇಲ್ಲದೆಯೂ ನಾನು ಒಮ್ಮೆಯೂ ಕೈ ತಡೆಯಲಿಲ್ಲ. ಹಿಂದೆ ಎರಡು ಬಾರಿ ನಮ್ಮನ್ನು ಮಣ್ಣುಮುಕ್ಕಿಸಿದ್ದ ರಾಕ್ಷಸ ಬಿದ್ದ.

ಹೊಸದಾಗಿ ಆಡುವ ಮಿತ್ರರಿಗೆ ನಾನು ಹೇಳುವುದಿಷ್ಟು. ಬಲಗೈ ಆಯುಧ ಖಾಲಿ ಬಿಡಿ, ಟೋಟೆಮ್‌ನ ಹತ್ತಿರ ನಿಲ್ಲಿ. ‘ಬ್ಯಾಟಲ್ ಶೌಟ್’ ಗುಂಪಿಗೆಲ್ಲ ಬಲ ಕೊಡುವ ಕೂಗು. ಯಾರು ಕೂಗುವುದೆಂದು ಮೊದಲೇ ಮಾತಾಡಿಕೊಳ್ಳಿ, ಇಬ್ಬರು ಕೂಗಿದರೆ 10 ರೇಜ್ ದಂಡ. ರೇಜ್ ತುಂಬಿ ಚೆಲ್ಲುವ ಮೊದಲೇ ಖರ್ಚು ಮಾಡಿ. ರಾಕ್ಷಸನ ಜೀವ ಶೇ. 20ಕ್ಕಿಂತ ಕೆಳಗಿಳಿದಾಗ ‘ಎಕ್ಸಿಕ್ಯೂಟ್’ ಇದ್ದ ರೇಜ್ ಎಲ್ಲ ನುಂಗಿಬಿಡುತ್ತದೆ. ಹೊಸದಾಗಿ ಎಷ್ಟು ಬೇಗ ಬರುತ್ತದೆ ಎಂಬುದೇ ಅಲ್ಲಿ ಮುಖ್ಯ. ಟೋಟೆಮ್ ನಿಮ್ಮ ಗುಂಪಿಗೆ ಬರದಿದ್ದರೆ, ಅದು ಯಾರಿಗೆ ಹೋಯಿತು, ಏಕೆ ಹೋಯಿತು ಎಂದು ನೋಡಿದ ಮೇಲೆ ಸಿಟ್ಟು ಮಾಡಿಕೊಳ್ಳಿ.

ಅಂದು ಪಟ್ಟಿ ಬಂದಾಗ ನನ್ನ ಹೆಸರು ಮೇಲಿನ ಸಾಲುಗಳಲ್ಲೇ ಇತ್ತು. ಶಾಮನ್‌ನ ಹೆಸರು ಹುಡುಕಲು ಕೆಳಗೆ ಇಳಿಯುತ್ತಾ ಹೋಗಬೇಕಾಯಿತು. ಗಂಟೆ ಎರಡು ದಾಟಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಅವನ ಬೆರಳುಗಳಿಗೆ ಬಿಡುವಿರಲೆಂದು, ಚಹಾಕ್ಕೆ ನೀರು ನಾನೇ ಇಟ್ಟೆ.