ಪಯಣಕ್ಕೆ ಮುನ್ನ ಎದೆಯ ಚಿತ್ರ

ನಮ್ಮ ನಾಡಿನ ತರುಣಿಯೊಬ್ಬಳು ವಿವಾಹವಾಗಿ, ಬ್ರಿಟನ್ನಿನಲ್ಲಿ ಉದ್ಯೋಗದಲ್ಲಿರುವ ಪತಿಯ ಬಳಿಗೆ ಹೊರಡಲು ಸಿದ್ಧಳಾಗಿದ್ದಾಳೆಂದು ಭಾವಿಸೋಣ. ವಿವಾಹದ ದಾಖಲೆ, ಪತಿಯ ಸಂಪಾದನೆಯ ವಿವರ, ಪಾಸ್‌ಪೋರ್ಟ್ ಎಲ್ಲವೂ ಕೈಯಲ್ಲಿವೆ. ಆದರೂ ವೀಸಾ ಅರ್ಜಿಯೊಡನೆ ಮತ್ತೊಂದು ಕಾಗದ ಬೇಕು. ಆಕೆಗೆ ಶ್ವಾಸಕೋಶದ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರವೇ ಅದು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿರಲು ಭಾರತದಿಂದ ಅರ್ಜಿ ಹಾಕುವ ವಿದ್ಯಾರ್ಥಿಗಳಿಗೂ ಉದ್ಯೋಗಿಗಳಿಗೂ ಇದೇ ನಿಯಮ. ನೋಡಲು ಆರೋಗ್ಯವಂತಳಾಗಿರುವ ಆಕೆಗೆ ಈ ಪರೀಕ್ಷೆ ಏತಕ್ಕೆ? ಅದು ಹೇಗೆ ನಡೆಯುತ್ತದೆ? ಇದನ್ನು ಈಗ ವಿಚಾರಮಾಡೋಣ.

ಕ್ಷಯವನ್ನುಂಟುಮಾಡುವ ದಂಡಾಕಾರದ ರೋಗಾಣುವನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟನು. ರೋಗಿಯು ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಹನಿಗಳ ಮೂಲಕ ಅದು ಗಾಳಿಯಲ್ಲಿ ಸಂಚರಿಸುತ್ತದೆ. ಒಂದೇ ಮನೆಯಲ್ಲಿ ಬಹುಕಾಲ ಜೊತೆಗಿರುವವರಿಗೆ ಅಪಾಯ ಹೆಚ್ಚು. ಆದುದರಿಂದ ಈ ಪರೀಕ್ಷೆಯ ಮೊದಲ ಲಾಭ ದೊರೆಯುವುದು ಪರೀಕ್ಷೆಗೆ ಒಳಗಾದವಳಿಗೂ ಆಕೆಯ ಮನೆಯವರಿಗೂ ಎಂಬುದನ್ನು ಮರೆಯಬಾರದು. ಲಕ್ಷ ಜನರಲ್ಲಿ ವರ್ಷಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಹೊಸದಾಗಿ ಕ್ಷಯ ತಗಲುವ ದೇಶಗಳಿಂದ ಬರುವವರಿಗೆ ಬ್ರಿಟನ್ ಈ ಪರೀಕ್ಷೆಯನ್ನು ವಿಧಿಸಿದೆ. ಹಿಂದೆ ಲಂಡನ್ನಿನ ವಿಮಾನನಿಲ್ದಾಣದಲ್ಲಿಯೇ ಎದೆಯ ಚಿತ್ರ ತೆಗೆಯುತ್ತಿದ್ದರು. 2012ರಿಂದೀಚೆಗೆ ಹಂತಹಂತವಾಗಿ ಆ ಕೆಲಸವನ್ನು ಹೊರಡುವ ದೇಶಕ್ಕೇ ವರ್ಗಾಯಿಸಲಾಯಿತು. ಬೆಂಗಳೂರೂ ಸೇರಿದಂತೆ ನಮ್ಮ ಹಲವು ನಗರಗಳಲ್ಲಿ ಇದಕ್ಕೆ ಅಂಗೀಕೃತವಾದ ಚಿಕಿತ್ಸಾಲಯಗಳುಂಟು.

ಪರೀಕ್ಷೆಯ ಮುಖ್ಯ ಸಾಧನ ಕ್ಷ-ಕಿರಣ. 1895ರಲ್ಲಿ ರಾಂಟ್ಜನ್ ಕಂಡುಹಿಡಿದ ಈ ಕಿರಣಗಳನ್ನು ಮೂಳೆಯು ಬಹುಮಟ್ಟಿಗೆ ತಡೆಯುತ್ತದೆ, ಗಾಳಿಯು ತಡೆಯುವುದಿಲ್ಲ. ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಚಿತ್ರದಲ್ಲಿ ಕಪ್ಪಾಗಿಯೂ ಪಕ್ಕೆಲುಬುಗಳು ಬೆಳ್ಳಗೂ ಕಾಣುವುದು ಇದರಿಂದಲೇ. ರೋಗ ಹಿಡಿದ ಭಾಗದಲ್ಲಿ ಗಾಳಿಯ ಸ್ಥಾನವನ್ನು ದ್ರವವೂ ಜೀವಕೋಶಗಳೂ ಆಕ್ರಮಿಸುವುದರಿಂದ ಅಲ್ಲಿ ಬಿಳಿಯ ಮಚ್ಚೆಗಳು ತೋರುತ್ತವೆ. ಒಂದು ಚಿತ್ರಕ್ಕೆ ತಗಲುವ ವಿಕಿರಣ ಅತ್ಯಲ್ಪ. ನೆಲದಿಂದಲೂ ಆಕಾಶದಿಂದಲೂ ನಮಗೆ ಸಹಜವಾಗಿ ಕೆಲವು ದಿನಗಳಲ್ಲಿ ಒದಗುವಷ್ಟು ಮಾತ್ರ. ಆದರೂ ಗರ್ಭಿಣಿಯರಿಗೆ ಆಯ್ಕೆಯುಂಟು: ಹೊಟ್ಟೆಗೆ ರಕ್ಷಣೆಯ ಹೊದಿಕೆಯಿಟ್ಟು ಚಿತ್ರ ತೆಗೆಸಬಹುದು, ಕಫಪರೀಕ್ಷೆ ಮಾಡಿಸಬಹುದು, ಅಥವಾ ಹೆರಿಗೆಯವರೆಗೆ ಕಾಯಬಹುದು. ಹನ್ನೊಂದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಚಿತ್ರ ತೆಗೆಯುವುದಿಲ್ಲ.

ಚಿತ್ರದಲ್ಲಿ ಸಂಶಯ ತೋರಿದರೆ ಮೂರು ದಿನ ಕಫವನ್ನು ಸಂಗ್ರಹಿಸಿ, ಅದರಲ್ಲಿರಬಹುದಾದ ರೋಗಾಣುಗಳನ್ನು ಪೋಷಕ ದ್ರವ್ಯದಲ್ಲಿ ಬೆಳೆಸಿ ನೋಡುತ್ತಾರೆ. ಇದರ ಫಲಿತಾಂಶಕ್ಕೆ ಎಂಟು ವಾರಗಳವರೆಗೂ ಹಿಡಿಯಬಹುದು. ಕಾತರದಿಂದಿರುವ ಮನೆಯವರು ಕಚೇರಿಯ ವಿಳಂಬವೆಂದು ದೂರಬಹುದಾದರೂ ತಪ್ಪು ರೋಗಾಣುವಿನದು! ನಮ್ಮ ಕರುಳಿನ ಸಾಮಾನ್ಯ ಅಣುಜೀವಿಯೊಂದು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಕ್ಷಯದ ರೋಗಾಣುವಿಗೆ ಅದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು.

ರೋಗ ದೃಢಪಟ್ಟರೆ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದು ತಿಳಿಯಬಾರದು. ಸಾಮಾನ್ಯ ಕ್ಷಯವು ಸುಮಾರು ಆರು ತಿಂಗಳ ಔಷಧದಿಂದ ಗುಣವಾಗುತ್ತದೆ. ಅನಂತರ ಮತ್ತೆ ಪರೀಕ್ಷೆಗೆ ಬರಬಹುದು. ಪರೀಕ್ಷೆಗೆ ಮಿತಿಯೂ ಉಂಟು. ರೋಗಾಣು ದೇಹದಲ್ಲಿ ವರ್ಷಾನುಗಟ್ಟಲೆ ಸುಪ್ತವಾಗಿರಬಲ್ಲದು. ಅಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ರೋಗ ತಲೆದೋರುತ್ತದೆ. ಎದೆಯ ಚಿತ್ರವು ಅಂದಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಪ್ರಮಾಣಪತ್ರದ ಅವಧಿ ಆರೇ ತಿಂಗಳಾಗಿರುವುದು ಆಶ್ಚರ್ಯವಲ್ಲ. ಪತ್ರ ದೊರೆತವರೂ ಮುಂದೆ ಬಹುದಿನ ಕೆಮ್ಮು ಬಂದರೆ ವೈದ್ಯರನ್ನು ಕಾಣಬೇಕು.

ವೈದ್ಯಪರೀಕ್ಷೆಯ ಹೆಸರಿನಲ್ಲಿ ಅನ್ಯಾಯ ನಡೆದದ್ದೂ ಉಂಟು. 1979ರ ಜನವರಿಯಲ್ಲಿ, ವಿವಾಹಕ್ಕಾಗಿ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬಳನ್ನು, ಆಕೆ ನಿಜವಾಗಿಯೂ ಅವಿವಾಹಿತೆಯೇ ಎಂದು ತಿಳಿಯುವ ನೆಪದಿಂದ, ಕನ್ಯತ್ವದ ಪರೀಕ್ಷೆಗೆ ಗುರಿಪಡಿಸಿದರು. ಮುಂದಿನ ತಿಂಗಳು ಸುದ್ದಿ ಪತ್ರಿಕೆಯಲ್ಲಿ ಹೊರಬಿದ್ದು ಎರಡೂ ದೇಶಗಳಲ್ಲಿ ಪ್ರತಿಭಟನೆಯೆದ್ದಿತು. ಆ ಪದ್ಧತಿ ನಿಂತಿತು. ದೇಹದ ಯಾವ ಪರೀಕ್ಷೆಯಿಂದಲೂ ಕನ್ಯತ್ವವನ್ನು ನಿರ್ಣಯಿಸಲಾಗದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಸ್ಪಷ್ಟವಾಗಿ ಸಾರಿದೆ. ಅದು ಮಾನಹರಣವಾಗಿದ್ದುದಷ್ಟೇ ಅಲ್ಲ, ವಿಜ್ಞಾನವೂ ಆಗಿರಲಿಲ್ಲ.

ಹೀಗಿರಲು ಯಾವುದೇ ಪರೀಕ್ಷೆಯನ್ನು ನಾವು ಮೂರು ಪ್ರಶ್ನೆಗಳಿಂದ ತೂಗಬಹುದು. ಅದು ಹುಡುಕುವ ರೋಗ ನಿಜವಾದುದೇ? ಅದನ್ನು ಹುಡುಕಲು ಆ ಪರೀಕ್ಷೆಗೆ ಶಕ್ತಿಯುಂಟೇ? ಸಿಕ್ಕಿದರೆ ಆ ವ್ಯಕ್ತಿಗೆ ಚಿಕಿತ್ಸೆಯುಂಟೇ? ಎದೆಯ ಚಿತ್ರವು ಈ ಮೂರಕ್ಕೂ ಉತ್ತರ ಕೊಡಬಲ್ಲದು. 1979ರ ಆ ಪರೀಕ್ಷೆ ಒಂದಕ್ಕೂ ಕೊಡಲಾರದು. ಪತಿಯ ಬಳಿಗೆ ಹೊರಟ ತರುಣಿ ಚಿತ್ರಕ್ಕಾಗಿ ಯಂತ್ರದೆದುರು ನಿಂತಾಗ ಈ ಪ್ರಶ್ನೆಗಳನ್ನು ಬಲ್ಲವಳಾಗಿದ್ದರೆ, ಆಕೆಗೆ ಅಂಜಿಕೆಯೂ ಇರದು, ಕುರುಡು ವಿಧೇಯತೆಯೂ ಇರದು.