ಚಾರಣಕ್ಕೆ ಎಷ್ಟು ದಪ್ಪದ ಹಾಳೆ?

ಅರಸೀಕೆರೆ ಕಡೆ ರಾಗಿ ಕಣಕ್ಕೆ ಹಾಸಲು, ಬಣವೆ ಮುಚ್ಚಲು ತಾಡಪಾಲು ಬೇಕೇ ಬೇಕು. ಅದನ್ನೇ ಮಡಚಿ ಘಟ್ಟದ ಚಾರಣಕ್ಕೆ ಹೊರುವ ಹುಡುಗರೂ ಉಂಟು. ಪಾಪ, ಬೆನ್ನು!

ಒಬ್ಬರು ಮಲಗಲು 7 ಅಡಿ ಉದ್ದ, 3 ಅಡಿ ಅಗಲ ಸಾಕು. ಚದರ ಮೀಟರಿಗೆ 250 ಗ್ರಾಂ ತೂಗುವ ತಾಡಪಾಲಾದರೆ ಆ ತುಂಡು ಸುಮಾರು 490 ಗ್ರಾಂ. 100 ಮೈಕ್ರಾನ್ ಪಾಲಿಥೀನ್ ಹಾಳೆಯಾದರೆ 180 ಗ್ರಾಂ. 50 ಮೈಕ್ರಾನಿನದು ಇನ್ನೂ ಅರ್ಧ ಹಗುರ, ಆದರೆ ಮುಳ್ಳು ತಾಗಿದರೆ ಮುಗೀತು.

ಟೆಂಟಿನ ಅಡಿಗೆ ಹಾಸುವುದಾದರೆ ಸುತ್ತಲೂ ಎರಡು ಬೆರಳು ಚಿಕ್ಕದಾಗಿ ಕತ್ತರಿಸಬೇಕು. ಅಂಚು ಹೊರಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ಟೆಂಟಿನಡಿಗೇ ಹರಿಯುತ್ತದೆ. ಮೂಲೆಗೆ ತೂತು ಬೇಡ; ದುಂಡುಗಲ್ಲಿಟ್ಟು ಹಾಳೆ ಸುತ್ತಿ ದಾರ ಬಿಗಿದರಾಯಿತು.

ಸಕಲೇಶಪುರ, ಬಿಸಲೆಯ ಮಳೆಗೆ 100 ಮೈಕ್ರಾನೇ ಸರಿ. ಹರಿದರೆ ಕಾಡಲ್ಲಿ ಬಿಸಾಡದೆ ವಾಪಸ್ ತನ್ನಿ.