ಕಾಕಿರಾದ ಕಬ್ಬು, ಮನುಭಾಯಿಯ ಹಟ

ಯುಗಾಂಡದ ಮಕಿಂಡೆ ಸೇನಾ ಸೆರೆಮನೆಯಲ್ಲಿ ‘ಸಿಂಗಪುರ’ ಎಂದು ಕರೆಯುತ್ತಿದ್ದ ಒಂದು ವಿಭಾಗವಿತ್ತು. ಸಾವಿನ ದಾರಿಯೆಂದೇ ಅದು ಕುಖ್ಯಾತ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನನ ಸೈನಿಕರು ಮನುಭಾಯಿ ಮಾಧ್ವಾನಿಯನ್ನು ಕೂಡಿಹಾಕಿದ್ದು ಅಲ್ಲಿ. ದೇಶದ ದೊಡ್ಡ ಸಕ್ಕರೆ ಮನೆತನವನ್ನು ಆಗ ಮುನ್ನಡೆಸುತ್ತಿದ್ದವರು ಅವರೇ. ಅಣ್ಣ ಜಯಂತ್ ತೀರಿಕೊಂಡು ಒಂದು ವರ್ಷವಷ್ಟೇ ಆಗಿತ್ತು.

ಅಪ್ಪ ಮುಲ್ಜಿಭಾಯಿ 1908ರಲ್ಲಿ, ಮೀಸೆ ಮೂಡುವ ಮೊದಲೇ, ಗುಜರಾತಿನಿಂದ ಬಂದವರು. ಬಂಧುಗಳ ಅಂಗಡಿಯಲ್ಲಿ ದುಡಿದು ವ್ಯಾಪಾರ ಕಲಿತರು. ಜಿಂಜಾ ಪಟ್ಟಣದ ಬಳಿಯ ಕಾಕಿರಾದಲ್ಲಿ ಅವರು ಕಾರ್ಖಾನೆ ಕಟ್ಟಿದ್ದು 1930ರಲ್ಲಿ. ಮನುಭಾಯಿ ಹುಟ್ಟಿದ್ದೂ ಅದೇ ವರ್ಷ. ಸಮಭಾಜಕ ವೃತ್ತಕ್ಕೆ ಅಂಟಿಕೊಂಡ, ವಿಕ್ಟೋರಿಯಾ ಸರೋವರದ ಆಸುಪಾಸಿನ ಆ ನೆಲಕ್ಕೆ ಚಳಿಗಾಲವೆಂಬುದಿಲ್ಲ. ಮಂಡ್ಯ, ಬೆಳಗಾವಿಗಳಲ್ಲಿ ಹಂಗಾಮು ಮುಗಿದರೆ ಚಿಮಣಿ ತಿಂಗಳುಗಟ್ಟಲೆ ತಣ್ಣಗಿರುತ್ತದೆ. ಕಾಕಿರಾದಲ್ಲಾದರೋ ವರ್ಷದ ಬಹುಪಾಲು ಕಾಲ ಕಬ್ಬು ನುರಿಯುತ್ತದೆ. ಕಾರ್ಖಾನೆಯ ಸುತ್ತ ಕಾರ್ಮಿಕರ ಊರು, ಶಾಲೆ, ಆಸ್ಪತ್ರೆಗಳು ಬೆಳೆದವು. ಸಕ್ಕರೆಯ ಹಣ ಎಣ್ಣೆ, ಸಾಬೂನು, ಬಟ್ಟೆ, ಉಕ್ಕಿನ ಉದ್ಯಮಗಳಿಗೆ ಹರಿಯಿತು.

ಈ ಏಳಿಗೆಯನ್ನು ಬರೀ ಬೆವರಿನ ಕತೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ವ್ಯಾಪಾರದ ಬಾಗಿಲು ಏಷ್ಯನ್ನರಿಗೆ ತೆರೆದಷ್ಟು ಆಫ್ರಿಕನ್ನರಿಗೆ ತೆರೆಯಲಿಲ್ಲ. 1959ರಲ್ಲಿ ಯುಗಾಂಡದೊಳಗಿನ ಬುಗಾಂಡ ಪ್ರಾಂತ್ಯದ ಜನ ಏಷ್ಯನ್ನರ ಅಂಗಡಿಗಳನ್ನು ಬಹಿಷ್ಕರಿಸಿದ್ದರ ಹಿಂದೆ ಈ ಕಹಿಯಿತ್ತು. ಅಮೀನ್ ಆ ಕಹಿಯನ್ನು ಆಯುಧ ಮಾಡಿಕೊಂಡ. 1972ರ ಆಗಸ್ಟ್‌ನಲ್ಲಿ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟ. 27 ಸಾವಿರಕ್ಕೂ ಹೆಚ್ಚು ಜನ ಬ್ರಿಟನ್ ಸೇರಿದರು. ಅಲ್ಲಿನ ಲೆಸ್ಟರ್ ನಗರಾಡಳಿತವಂತೂ ನಮ್ಮಲ್ಲಿಗೆ ಬರಬೇಡಿ ಎಂದು ಯುಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತು.

ಸೆರೆಯಿಂದ ಜೀವಸಹಿತ ಹೊರಬಂದ ಮನುಭಾಯಿಯೂ ಬ್ರಿಟನ್ ಸೇರಿದರು. ಅಂಗಡಿಯವನು ಗಂಟು ಕಟ್ಟಿಕೊಂಡು ಹೊರಡಬಹುದು, ಅಕ್ಕಸಾಲಿಗ ಕೈಕಸುಬನ್ನೇ ಹೊತ್ತು ಹೋಗಬಹುದು. ಸಕ್ಕರೆಯವನಿಗೆ ಆ ಭಾಗ್ಯವಿಲ್ಲ. ಕಡಿದ ಕಬ್ಬು ಹೆಚ್ಚು ಹೊತ್ತು ಬಿದ್ದಿದ್ದರೆ ರಸದ ಸಕ್ಕರೆ ಒಡೆದು ಇಳುವರಿ ಇಳಿಯುತ್ತದೆ. ಅದಕ್ಕೇ ಕಾರ್ಖಾನೆ ಗದ್ದೆಯ ಮಗ್ಗುಲಲ್ಲೇ ಇರಬೇಕು. ಗದ್ದೆ ಬಿಟ್ಟವನು ಕಸುಬನ್ನೇ ಬಿಟ್ಟಂತೆ. ಗಡಿಪಾರಾದ ಎಷ್ಟೋ ಮಂದಿ ಹೊಸ ದೇಶದಲ್ಲಿ ಬೇರು ಬಿಟ್ಟು ಹಿಂದಿರುಗಿ ನೋಡಲಿಲ್ಲ. ಈ ಮನೆತನ ಮಾತ್ರ ಮತ್ತೆ ಕಾಕಿರಾದ ಕಡೆ ತಿರುಗಿದ್ದಕ್ಕೆ ಕಾರಣ ಕಬ್ಬಿನ ಈ ಗುಣವೇ ಎಂದು ನಾನು ನಂಬುತ್ತೇನೆ.

ಹಾಗೆಂದು ಅಲ್ಲಿಯತನಕ ಅವರು ಕೈಕಟ್ಟಿ ಕೂರಲಿಲ್ಲ. ಲೆಬನಾನ್‌ನಲ್ಲಿ ಗಾಜಿನ ಉದ್ಯಮಕ್ಕೆ ಇಳಿದರು. ಮನುಭಾಯಿಯ ತಮ್ಮ ಮಯೂರ್ 1974ರಲ್ಲಿ ಹಿಂದಿ ಚಿತ್ರತಾರೆ ಮುಮ್ತಾಜ್‌ರನ್ನು ಮದುವೆಯಾದದ್ದು ಭಾರತದಲ್ಲಿ ದೊಡ್ಡ ಸುದ್ದಿ. ಅತ್ತ ಕಾಕಿರಾದಲ್ಲಿ ಸರ್ಕಾರದ ಕೈಗೆ ಹೋದ ಕಾರ್ಖಾನೆ ಸೊರಗುತ್ತ ಬಂದು, ಕೊನೆಗೆ ನಿಂತೇಹೋಯಿತು. ಒಂದು ಕಾಲಕ್ಕೆ ಸಕ್ಕರೆ ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಕೈಚಾಚಿತು.

1985ರಲ್ಲಿ ಮಾಧ್ವಾನಿಗಳು ಮರಳಿದರು. ಗದ್ದೆ ಕಾಡಾಗಿತ್ತು, ಯಂತ್ರಗಳಿಗೆ ತುಕ್ಕು ಹಿಡಿದಿತ್ತು. ದೇಶದಲ್ಲಿ ಅಂತರ್ಯುದ್ಧ, ಮರುವರ್ಷದ ಜನವರಿಯಲ್ಲೇ ಸರ್ಕಾರ ಉರುಳಿ ಮುಸೆವೆನಿ ಅಧಿಕಾರಕ್ಕೆ ಬಂದರು. 55 ವರ್ಷದ ಮನುಷ್ಯ, ತನ್ನನ್ನು ಸೆರೆಗೆ ತಳ್ಳಿದ ದೇಶದಲ್ಲಿ ಸಾಲ ತಂದು, ನಾಟಿಯಿಂದಲೇ ಮತ್ತೆ ಶುರುಮಾಡಿದ್ದು ಸಣ್ಣ ಸಂಗತಿಯಲ್ಲ. ಹಗೆಯನ್ನು ಬದಿಗಿಟ್ಟ ಆ ಹಟ ನನಗೆ ಅವರ ಸಂಪತ್ತಿಗಿಂತ ದೊಡ್ಡದಾಗಿ ಕಾಣುತ್ತದೆ. 2008ರಲ್ಲಿ ಅವರ ಆತ್ಮಕತೆ ‘ಟೈಡ್ ಆಫ್ ಫಾರ್ಚೂನ್’ ಬಂತು. 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಇಂದು ಕಾಕಿರಾ ಸಕ್ಕರೆಯ ಜೊತೆಗೆ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ತನ್ನೂ ತಯಾರಿಸುತ್ತದೆ. ಕಾರ್ಖಾನೆಗೆ ಬರುವ ಕಬ್ಬಿನಲ್ಲಿ ದೊಡ್ಡ ಪಾಲು ಸುತ್ತಲಿನ ಸಾವಿರಾರು ಆಫ್ರಿಕನ್ ರೈತರದು. ದರದ ಬಗ್ಗೆ ಅವರಿಗೂ ಕಾರ್ಖಾನೆಗಳಿಗೂ ಜಗ್ಗಾಟ ಇದ್ದೇ ಇದೆ. ಆದರೆ ಈಗ ಆ ರೈತರು ಜಗಳವಾಡುವುದು ತಮ್ಮದೇ ಗದ್ದೆಯ ಬೆಳೆಗಾಗಿ.